ಮಾಳಮಡ್ಡಿಯ ಪ್ರೂಫ್ ಕಾಕಾ

ಧಾರವಾಡದಲ್ಲಿ ಕಲ್ಲೆಸೆದರೆ ಯಾರಾದರೊಬ್ಬ ಕವಿಯ ಮನೆಯ ಮೇಲೆ ಬೀಳುತ್ತದೆ ಎಂಬ ಮಾತು ಹಳೆಯದು. ಮಾಳಮಡ್ಡಿಯ ನಮ್ಮ ಓಣಿಯ ಮಟ್ಟಿಗೆ ಅದು ಸುಳ್ಳು. ಅಲ್ಲಿದ್ದವರು ರೈಲ್ವೆಯವರು, ಸಾಲಿ ಮಾಸ್ತರರು, ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬರು, ಮತ್ತು ನಮ್ಮ ಮಗ್ಗಲ ಮನೆಯ ಪ್ರೂಫ್ ಕಾಕಾ. ಕಾಕಾನ ಖರೇ ಹೆಸರು ಟಪಾಲಿನವನಿಗೆ ಮಾತ್ರ ಗೊತ್ತಿತ್ತು. ಅವರ ಹಿತ್ತಲಿನ ಪೇರಲ ಗಿಡದ ಅರ್ಧ ಟೊಂಗೆಗಳು ನಮ್ಮ ಕಂಪೌಂಡಿನೊಳಗಿದ್ದವು. ಆ ಹಣ್ಣು ಯಾರದೆಂಬ ಪ್ರಶ್ನೆಯನ್ನು ಎರಡೂ ಮನೆಯವರು ಎಂದೂ ಎತ್ತಲಿಲ್ಲ. ಗಿಳಿಗಳು ತೀರ್ಪು ಕೊಟ್ಟುಬಿಡುತ್ತಿದ್ದವು.

ಊರಿನ ಒಂದು ಸಣ್ಣ ಛಾಪಖಾನೆಯಲ್ಲಿ ಕಾಕಾ ಮೊದಲು ಕಂಪೋಸಿಟರ್ ಆಗಿದ್ದರು. "ಕಣ್ಣು ಮಂಜಾದ ಮ್ಯಾಲೆ ಪ್ರೂಫ್ ನೋಡ್ಲಿಕ್ಕೆ ಕೂಡಿಸಿದ್ರು" ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು. ಕಂಪೋಸಿಟರ್ ಎಂದರೆ ಎಡಗೈಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಸ್ಟಿಕ್ಕು, ಬಲಗೈ ಮಾತ್ರ ನೂರಾರು ಖಾನೆಗಳ ಕೇಸಿನ ಮೇಲೆ ಓಡಾಡುತ್ತಿರಬೇಕು. ಕನ್ನಡದಲ್ಲಿ ಅಕ್ಷರಕ್ಕೆ ಗುಣಿತದ ಕಾಟ, ಕೆಳಗೆ ಒತ್ತಿನ ಕಾಟ, ಅದರ ಮೇಲೆ ಎಲ್ಲವನ್ನೂ ತಿರುಗಾಮುರುಗಾ ಓದಬೇಕು. ಸಣ್ಣ ಪ್ರೆಸ್ಸಿನಲ್ಲಿ ಮೊಳೆಗಳೂ ಕಡಿಮೆ. ಒಂದು ಫಾರ್ಮು, ಅಂದರೆ ಒಮ್ಮೆಗೆ ಅಚ್ಚಾಗುವಷ್ಟು ಪುಟ, ಅಚ್ಚಾಗಿ, ತೊಳೆದು, ಮೊಳೆ ಬಿಚ್ಚಿ, ಖಾನೆಗೆ ಹಾಕಿದ ಮೇಲೆಯೇ ಮುಂದಿನದು. ಹೀಗಾಗಿ ಕಾದಂಬರಿಯ ನಾಯಕಿ ಮೊದಲ ಫಾರ್ಮಿನಲ್ಲಿ ಯಾವ ಮೊಳೆಗಳಲ್ಲಿ ಅತ್ತಳೋ ಕೊನೆಯ ಫಾರ್ಮಿನಲ್ಲಿ ಅವೇ ಮೊಳೆಗಳಲ್ಲಿ ನಗಬೇಕಿತ್ತು.

ಒಂದೊಂದು ಅಕ್ಷರವನ್ನೂ ಬೆರಳಿನಿಂದ ಎತ್ತಿದವರು ದುಂದನ್ನು ಸಹಿಸುವುದಿಲ್ಲ. ಕಾಲೇಜಿನ ದಿನಗಳಲ್ಲಿ ನಾನು ಬರೆದದ್ದನ್ನೆಲ್ಲ ಕಟ್ಟೆಯ ಮೇಲೆ ಕೂತಿರುತ್ತಿದ್ದ ಅವರಿಗೆ ಕೊಡುತ್ತಿದ್ದೆ. ಹಾಳೆ ಮರುದಿನ ಪೆನ್ಸಿಲ್ ಗುರುತುಗಳೊಂದಿಗೆ ವಾಪಸು ಬರುತ್ತಿತ್ತು. "ತಮ್ಮಾ, ಈ 'ಅತ್ಯಂತ' ಬೇಕೇನೋ? ಐದು ಮೊಳಿ ಖರ್ಚು." ಎಣಿಸಿ ನೋಡಿದೆ, ಲೆಕ್ಕ ಸರಿ: ಅ, ತ, ಯ ಒತ್ತು, ಸೊನ್ನೆ, ಇನ್ನೊಂದು ತ. ಬರವಣಿಗೆಯ ಬಗ್ಗೆ ಆಮೇಲೆ ಎಷ್ಟೋ ಉಪನ್ಯಾಸ ಕೇಳಿದ್ದೇನೆ. ಇಷ್ಟು ಅಗ್ಗದಲ್ಲಿ ಇಷ್ಟು ಉಪಯೋಗದ ಪಾಠ ಮತ್ತೆ ಸಿಗಲಿಲ್ಲ.

ಸಂಜೆ ಅವರ ಜೊತೆ ತಿರುಗಾಡಲು ಹೋದರೆ ಊರೇ ಒಂದು ಉದ್ದದ ಪ್ರೂಫು. ಕಲಾಭವನ ದಾಟಿ, ಈಗ ಆಲೂರು ವೆಂಕಟರಾಯರ ಹೆಸರಿರುವ ಜುಬಿಲಿ ಸರ್ಕಲ್ಲಿಗೆ ಬಂದು, ಸುಭಾಸ ರೋಡ್ ಹಿಡಿಯುವಷ್ಟರಲ್ಲಿ ಹತ್ತು ಬೋರ್ಡುಗಳ ತಪ್ಪು ಹಿಡಿದಿರುತ್ತಿದ್ದರು. ಅಂಗಡಿಯವನಿಗೆ ಮಾತ್ರ ಹೇಳುತ್ತಿರಲಿಲ್ಲ. ಗಿರಾಕಿಗಳ ಮುಂದೆ ಅವನಿಗೆ ಯಾಕೆ ಅವಮಾನ? ಬೋರ್ಡು ಬರೆದ ಪೇಂಟರನ್ನು ಹುಡುಕಿಕೊಂಡು ಹೋಗಿ, ಚಹಾ ಕುಡಿಸಿ, ಮೆಲ್ಲಗೆ ವಿಷಯ ತೆಗೆಯುತ್ತಿದ್ದರು. ಸುಭಾಸ ರೋಡಿನಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟದ ಮೆಟ್ಟಿಲ ಮುಂದೆ ಒಂದು ಗಳಿಗೆ ನಿಲ್ಲುವುದು ಕಡ್ಡಾಯ. 1933ರಲ್ಲಿ ಈ ಪ್ರಕಾಶನ ಶುರು ಮಾಡಿದ ಜಿ.ಬಿ. ಜೋಶಿಯವರ ಕಾಲದಿಂದ ಕನ್ನಡದ ದೊಡ್ಡದೊಡ್ಡ ಹೆಸರುಗಳೆಲ್ಲ ಆ ಮೆಟ್ಟಿಲು ಹತ್ತಿ ಇಳಿದಿವೆ. "ಹಸ್ತಪ್ರತಿ ಹತ್ತಿ ಹೋಗಿ ಪುಸ್ತಕ ಆಗಿ ಇಳೀತದ. ನಡುವ ಏನಾತು ಅಂತ ಯಾರೂ ಕೇಳಂಗಿಲ್ಲ" ಎನ್ನುತ್ತಿದ್ದರು. ದೂರು ಹೇಳುವ ದನಿಯಲ್ಲ ಅದು. ನಡುವೆ ಏನಾಯಿತೆಂದು ತಮಗೆ ಗೊತ್ತಿದೆ ಎಂಬ ಹೆಮ್ಮೆ.

ಕಿಟೆಲ್ ನಿಘಂಟಿನ ಮಾತು ಬಂದರಂತೂ ಕಾಕಾ ಚಪ್ಪಲಿ ಬಿಟ್ಟು ನಿಲ್ಲುವುದೊಂದು ಬಾಕಿ. ಸುಮಾರು 70,000 ಪದ, ಕನ್ನಡದ ಬೆನ್ನಿಗೇ ಇಂಗ್ಲಿಷ್ ಅರ್ಥ, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1894ರಲ್ಲಿ ಅಚ್ಚಾದದ್ದು. "ಕಿಟೆಲ್ ಸಾಹೇಬರಿಗೆ ಒಂದು ನಮಸ್ಕಾರ, ಮೊಳಿ ಆರಿಸಿದವರಿಗೆ ಎರಡು." ಸಾಹೇಬರ ಹೆಸರು ಮುಖಪುಟದಲ್ಲಿದೆ. ಉಳಿದವರ ಲೆಕ್ಕವನ್ನು ಕಾಕಾ ಹೀಗೆ ಚುಕ್ತಾ ಮಾಡುತ್ತಿದ್ದರು.

1990ರ ದಶಕದಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನ ಅಕ್ಷರಜೋಡಣೆ, ಬಂತು. ಛಾಪಖಾನೆಯ ಟ್ರೆಡಲ್ ಯಂತ್ರ, ಸೀಸದ ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಕಾಕಾ ಅಳುತ್ತ ಕೂಡಲಿಲ್ಲ. ಕಂಪ್ಯೂಟರಿನಲ್ಲಿ ಮೊಳೆ ತೀರುವುದಿಲ್ಲ ಎಂಬುದೇ ಅವರ ಒಂದು ತಕರಾರು: ತೀರುವ ಹೆದರಿಕೆ ಇಲ್ಲದವನು ಬಾಯಿಗೆ ಬಂದಂತೆ ಬರೆಯುತ್ತಾನಂತೆ. ಇಂದಿನ ಮದುವೆ ಪತ್ರಿಕೆಗಳನ್ನು ನೋಡಿದರೆ ನನಗೂ ಹಾಗೇ ಅನ್ನಿಸುತ್ತದೆ.

ಆ ಪತ್ರಿಕೆಗಳೇ ಕೊನೆಗೆ ಅವರ ಉದ್ಯೋಗವಾದವು. ಓಣಿಯಲ್ಲಿ ಮುಂಜಿ, ಮದುವೆ, ವಾಸ್ತುಶಾಂತಿ, ಏನೇ ಇರಲಿ, ಕರಡು ಕಾಕಾನ ಕಟ್ಟೆಗೆ ಬರಬೇಕು. ರಟ್ಟಿನ ತುಂಡಿನಿಂದ ಕೆಳಗಿನ ಸಾಲುಗಳನ್ನು ಮುಚ್ಚಿ ಒಂದೊಂದೇ ಸಾಲು ಓದುವುದು, ತಾರೀಖಿಗೆ ವಾರ ಕೂಡುತ್ತದೋ ಇಲ್ಲವೋ ಎಂದು ಪಂಚಾಂಗ ತೆಗೆದು ನೋಡುವುದು, ಅಂಕಿಗಳನ್ನು ಬಾಯಿಬಿಟ್ಟು ಓದುವುದು. ನನಗೂ ಅದನ್ನೇ ಕಲಿಸಿದರು. "ಸಣ್ಣ ಅಕ್ಷರ ಎಲ್ಲಾರೂ ನೋಡ್ತಾರ. ತಪ್ಪು ಅಡಗೋದು ದೊಡ್ಡ ಅಕ್ಷರದಾಗ. ಮೊದಲ ಅದನ್ನ ಓದು." ದುಡ್ಡು ಮುಟ್ಟುತ್ತಿರಲಿಲ್ಲ. ಅವರ ಹೆಂಡತಿ ಕಾಕು ಮಾತ್ರ ಹಚ್ಚಿದ ಅವಲಕ್ಕಿ, ಚಹಾ ಕೊಟ್ಟು ಕೊಟ್ಟು ತಾವೇ ಸಾಲದಲ್ಲಿದ್ದರು.

ಹೋದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕಾಕಾ ತೀರಿಕೊಂಡರು. ವೈಕುಂಠ ಸಮಾರಾಧನೆಯ ಪತ್ರದ ಕರಡನ್ನು ಅವರ ಮಗ ನನ್ನ ಕೈಗೆ ಕೊಟ್ಟ. ದೊಡ್ಡ ಅಕ್ಷರದಲ್ಲಿದ್ದದ್ದು ಕಾಕಾನ ಹೆಸರು. ಮೊದಲು ಅದನ್ನೇ ಓದಿದೆ. ಸರಿಯಾಗಿತ್ತು.

ಈಗ ಓಣಿಯ ಪತ್ರಿಕೆಗಳು ನಮ್ಮ ಕಟ್ಟೆಗೆ ಬರುತ್ತಿವೆ. ನಿಮ್ಮ ಮನೆಯಲ್ಲೂ ಏನಾದರೂ ಕಾರ್ಯವಿದ್ದರೆ, ಅಚ್ಚಿಗೆ ಕೊಡುವ ಮೊದಲು ಒಮ್ಮೆ ತಂದು ತೋರಿಸಿ. ದುಡ್ಡು ಬೇಡ. ಅವಸರ ಮಾತ್ರ ಮಾಡಬೇಡಿ.