ಮೋಸ್ಟನ್ನಿನ ಕೆಂಪಂಗಿಗಳು

ಮ್ಯಾಂಚೆಸ್ಟರ್ ಎಂದೊಡನೆ ನಮ್ಮ ತಲೆಮಾರಿನವರಿಗೆ ನೆನಪಾಗುವುದು ಬಟ್ಟೆಯ ಗಿರಣಿ. ನಮ್ಮ ಶಾಲೆಯ ಮಕ್ಕಳಿಗೆ ನೆನಪಾಗುವುದು ಕಾಲ್ಚೆಂಡು. ವಿಶ್ವಕಪ್ಪಿನ ಕಾಲದಲ್ಲಿ ಕಾಸರಗೋಡಿನ ಬೀದಿಬೀದಿಗಳಲ್ಲಿ ಅರ್ಜೆಂಟೀನಾ, ಬ್ರೆಜಿಲ್ ದೇಶಗಳ ಬಾವುಟ ಹಾರುವುದನ್ನು ಕಂಡ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಏಪ್ರಿಲ್ ರಜೆಯಲ್ಲಿ ಆ ನಗರದಲ್ಲಿ ಉದ್ಯೋಗದಲ್ಲಿರುವ ಸೋದರಳಿಯನ ಮನೆಗೆ ಹೋಗುವ ಯೋಗ ಒದಗಿದಾಗ, ಮೊದಲು ನೋಡಿದ್ದು ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಓಲ್ಡ್ ಟ್ರಾಫರ್ಡ್ ಕ್ರೀಡಾಂಗಣವನ್ನೇ. ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಕುಳಿತುಕೊಳ್ಳಬಹುದಾದ ಮಹಾಸೌಧ ಅದು. ಅದರ ಹೊರಗೋಡೆಯ ಮೂಲೆಯಲ್ಲಿ, 1958ರ ಫೆಬ್ರವರಿ 6ರಂದು ಮ್ಯೂನಿಕ್ಕಿನಲ್ಲಿ ವಿಮಾನ ಬಿದ್ದು ಮಡಿದವರ ನೆನಪಿಗಾಗಿ ನಿಲ್ಲಿಸಿದ ಗಡಿಯಾರವೊಂದಿದೆ. ಸತ್ತ ಇಪ್ಪತ್ತಮೂವರಲ್ಲಿ ಎಂಟು ಮಂದಿ ಆ ಕ್ಲಬ್ಬಿನ ಎಳೆಯ ಆಟಗಾರರು. ಗಡಿಯಾರದ ಕೆಳಗೆ ಮುದುಕರೊಬ್ಬರು ಟೋಪಿ ತೆಗೆದು ಕ್ಷಣಕಾಲ ನಿಂತು ಮುನ್ನಡೆದುದನ್ನು ನಾವು ನೋಡಿದೆವು. ಪ್ರೀತಿಯ ಆಳ ತಿಳಿಯಲು ಅಷ್ಟು ಸಾಕಾಯಿತು.

ಇಷ್ಟು ಪ್ರೀತಿಸಿದ ಕ್ಲಬ್ಬನ್ನು ಸಾವಿರಾರು ಮಂದಿ ಒಂದೇ ಬೇಸಗೆಯಲ್ಲಿ ಬಿಟ್ಟು ಹೋದರು ಎಂದು ಅಳಿಯ ಹೇಳಿದಾಗ ನಮಗೆ ಸೋಜಿಗವಾಯಿತು. ಹೋದವರು ಕಟ್ಟಿಕೊಂಡ ಹೊಸ ಮನೆಯನ್ನೂ ನೋಡದೆ ಊರಿಗೆ ಮರಳಬಾರದೆನಿಸಿತು.

ಅದು ಇರುವುದು ನಗರದ ಈಶಾನ್ಯಕ್ಕೆ, ಮೋಸ್ಟನ್ ಎಂಬ ಬಡಾವಣೆಯಲ್ಲಿ. ಟ್ರಾಮ್ ಬಂಡಿಯಲ್ಲಿ ಹೋಗಿ ‘ನ್ಯೂಟನ್ ಹೀತ್ ಮತ್ತು ಮೋಸ್ಟನ್’ ಎಂಬ ನಿಲ್ದಾಣದಲ್ಲಿ ಇಳಿದೆವು. ಪಕ್ಕದಲ್ಲೇ ರೈಲುಗಳನ್ನು ದುರಸ್ತಿ ಮಾಡುವ ದೊಡ್ಡ ಡಿಪೋ. ಈ ಹೆಸರನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 1878ರಲ್ಲಿ ಇದೇ ನ್ಯೂಟನ್ ಹೀತಿನ ರೈಲುಡಬ್ಬಿಯ ಕಾರ್ಖಾನೆಯ ಕೂಲಿಗಳು ಬಿಡುವಿನ ವೇಳೆಗೆಂದು ಕಟ್ಟಿಕೊಂಡ ತಂಡವೇ 1902ರಲ್ಲಿ ಹೆಸರು ಬದಲಿಸಿಕೊಂಡು ಮ್ಯಾಂಚೆಸ್ಟರ್ ಯುನೈಟೆಡ್ ಆಯಿತು. ಓಲ್ಡ್ ಟ್ರಾಫರ್ಡಿಗೆ ಅದು ಹೋದುದು 1910ರಲ್ಲಿ. ಹೀಗಾಗಿ ಬಿಟ್ಟುಹೋದವರ ಮನೆ ಹಳೆಯ ಕ್ಲಬ್ಬಿನ ತೊಟ್ಟಿಲಿಗೆ ಕಾಲ್ನಡಿಗೆಯಷ್ಟೇ ದೂರದಲ್ಲಿದೆ. ಹಳೆಯ ಕ್ಲಬ್ಬೇ ಊರಿನ ಆ ತುದಿಯಲ್ಲಿದೆ.

ಬಿರುಕು ಮೂಡಿದ್ದು 2005ರ ಮೇ ತಿಂಗಳಲ್ಲಿ. ಅಮೆರಿಕದ ಧನಿಕ ಮಾಲ್ಕಮ್ ಗ್ಲೇಜರ್ ಎಂಬವರು ಸುಮಾರು 79 ಕೋಟಿ ಪೌಂಡು ಬೆಲೆಗೆ ಕ್ಲಬ್ಬನ್ನು ಕೊಂಡರು. ಆ ಹಣದ ಬಹುಭಾಗ ಸಾಲ. ಸಾಲದ ದೊಡ್ಡ ಪಾಲಿನ ಹೊರೆ ಬಿದ್ದುದು ಕ್ಲಬ್ಬಿನ ಮೇಲೆಯೇ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಒಬ್ಬನ ಅಡಕೆ ತೋಟವನ್ನು ಆ ತೋಟವನ್ನೇ ಅಡವಿಟ್ಟು ಕೊಂಡು, ಬಡ್ಡಿಯನ್ನು ಅದರ ಫಸಲಿನಿಂದಲೇ ತೀರಿಸಿದ ಹಾಗೆ. ಅದುವರೆಗೆ ಸಾಲವಿಲ್ಲದೆ ನಡೆದಿದ್ದ ಕ್ಲಬ್ಬು ಅದು. ಟಿಕೇಟಿನ ದರ ಮೊದಲೇ ಏರುತ್ತಿತ್ತು. ಆಟದ ಹೊತ್ತನ್ನು ಟೆಲಿವಿಷನ್ನಿನವರು ಗೊತ್ತುಮಾಡುತ್ತಿದ್ದರು. ತಾತನ ಕೈ ಹಿಡಿದು ಹೋಗುತ್ತಿದ್ದವನು ಮೊಮ್ಮಗನನ್ನು ಕರೆದೊಯ್ಯಲಾರದೆ ಹೋದ. ಅಸಮಾಧಾನ ಬಹುಕಾಲದ್ದು, ಮಾರಾಟ ಅದಕ್ಕೆ ಕಿಡಿಯಾಯಿತು.

ಹೊರಬಂದವರು ಆ ಬೇಸಗೆಯಲ್ಲೇ ‘ಎಫ್.ಸಿ. ಯುನೈಟೆಡ್ ಆಫ್ ಮ್ಯಾಂಚೆಸ್ಟರ್’ ಎಂಬ ಸಂಘವನ್ನು ನೋಂದಾಯಿಸಿದರು. ಇದರ ಕಟ್ಟಳೆ ನಮ್ಮ ಹಳ್ಳಿಯ ಸಹಕಾರಿ ಸಂಘದಂತೆಯೇ: ಎಷ್ಟೇ ಹಣ ಕೊಟ್ಟಿರಲಿ, ಸದಸ್ಯನೊಬ್ಬನಿಗೆ ಒಂದೇ ಮತ. ಆಡಳಿತ ಮಂಡಲಿಯನ್ನು ಸದಸ್ಯರೇ ಚುನಾಯಿಸುತ್ತಾರೆ. ಆಟಗಾರನ ಅಂಗಿಯ ಮೇಲೆ ಯಾವ ವ್ಯಾಪಾರಿಯ ಹೆಸರೂ ಇಲ್ಲ, ಬರಿಯ ಕೆಂಪು. ತಂಡ ಆರಂಭಿಸಿದ್ದು ಇಂಗ್ಲೆಂಡಿನ ಆಟದ ಏಣಿಯ ಹತ್ತನೆಯ ಮೆಟ್ಟಿಲಿನಿಂದ. ಆಗಸ್ಟ್ 13ರಂದು ನಡೆದ ಮೊದಲ ಲೀಗ್ ಪಂದ್ಯದ ಎದುರಾಳಿ ಲೀಕ್ ಎಂಬ ಊರಿನ ಶಾಲೆಯೊಂದರ ಹಳೆ ವಿದ್ಯಾರ್ಥಿಗಳ ತಂಡ ಎಂದು ತಿಳಿದು, ಮೇಷ್ಟ್ರಾದ ನಮಗೆ ಮನಸ್ಸಿನಲ್ಲೇ ಹಿಗ್ಗಾಯಿತು. ಪಾಪ, ಹಳೆ ವಿದ್ಯಾರ್ಥಿಗಳು 5-2ರಿಂದ ಸೋತರು. ಮೊದಲ ಮೂರು ವರ್ಷಗಳಲ್ಲಿ ಮೂರು ಬಡ್ತಿ ದೊರೆಯಿತು. ಸ್ವಂತ ನೆಲವಿಲ್ಲದೆ ನೆರೆಯ ಬರಿ ಪಟ್ಟಣದ ಬಾಡಿಗೆ ಮೈದಾನದಲ್ಲಿ ವರ್ಷಗಟ್ಟಲೆ ಆಡಿದರು. 2010ರಲ್ಲಿ ಎಫ್.ಎ. ಕಪ್ಪಿನ ಪಂದ್ಯದಲ್ಲಿ ತಮಗಿಂತ ಬಹು ಮೇಲಿನ ರಾಕ್‌ಡೇಲ್ ತಂಡವನ್ನು 3-2ರಿಂದ ಸೋಲಿಸಿದ ರಾತ್ರಿಯ ಬಗ್ಗೆ ಅಲ್ಲಿಯ ಜನ ಈಗಲೂ ಮೈಮರೆತು ಮಾತನಾಡುತ್ತಾರೆ.

ನಾವು ಹೋದ ಶನಿವಾರ ಮಳೆ ಹನಿಯುತ್ತಿತ್ತು. 2015ರಲ್ಲಿ ತೆರೆದ ಬ್ರಾಡ್‌ಹರ್ಸ್ಟ್ ಪಾರ್ಕ್ ಎಂಬ ಈ ಮೈದಾನಕ್ಕೆ ಅರುವತ್ತು ಲಕ್ಷ ಪೌಂಡಿಗೂ ಮಿಕ್ಕಿ ಖರ್ಚಾಯಿತು. ಸಾರ್ವಜನಿಕ ಅನುದಾನಗಳ ಜೊತೆಗೆ, ಸುಮಾರು ಇಪ್ಪತ್ತು ಲಕ್ಷವನ್ನು ಅಭಿಮಾನಿಗಳೂ ಹಿತೈಷಿಗಳೂ ಪಾಲು ಬಂಡವಾಳವಾಗಿ ಕೂಡಿಸಿದರು. ಕುಳಿತು ನೋಡುವ ಚಾವಡಿ ಒಂದು. ಉಳಿದೆಡೆ ನಿಂತು ನೋಡುವ ಮೆಟ್ಟಿಲುಗಳು. ಸುತ್ತಲೂ ಬಟ್ಟೆಯ ಮೇಲೆ ಕೈಯಿಂದ ಬರೆದ ಪತಾಕೆಗಳು. ಟಿಕೇಟು ಹರಿಯುವವರು, ಚಹಾ ಕೊಡುವವರು ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಋತುವಿಡೀ ನೋಡುವ ಟಿಕೇಟಿಗೆ ಕನಿಷ್ಠ ಮೊತ್ತವೊಂದನ್ನು ಗೊತ್ತುಪಡಿಸಿ, ಅದಕ್ಕಿಂತ ಹೆಚ್ಚನ್ನು ಅವರವರ ಶಕ್ತಿಗೆ ಬಿಡುವ ಪದ್ಧತಿಯನ್ನು ಇವರು ತಂದವರು. ಓಲ್ಡ್ ಟ್ರಾಫರ್ಡಿನಲ್ಲಾದರೋ 2024ರ ಕೊನೆಗೆ, ಉಳಿದ ಟಿಕೇಟುಗಳಿಗೆ ಮಕ್ಕಳಿಗೂ ವೃದ್ಧರಿಗೂ ರಿಯಾಯಿತಿಯಿಲ್ಲದೆ 66 ಪೌಂಡು ಎಂದು ಸಾರಿದರು.

ನಮ್ಮ ಪಕ್ಕದಲ್ಲಿ ನಿಂತಿದ್ದವರು ಅರುವತ್ತೈದರ ಆಸುಪಾಸಿನ ನಿವೃತ್ತ ಬಸ್ ಚಾಲಕರು. ಹಳೆಯ ಕ್ಲಬ್ಬನ್ನು ಬಿಟ್ಟಿರಾ ಎಂದು ಕೇಳಿದೆವು. ಅವರ ಮುಖ ಸಣ್ಣದಾಯಿತು. ತಾವು ಬಿಟ್ಟದ್ದು ಮಾಲೀಕನನ್ನು, ಕ್ಲಬ್ಬನ್ನಲ್ಲ ಎಂದರು. ಅದು ಬಹುಮಟ್ಟಿಗೆ ನಿಜವೆಂದು ಅಲ್ಲಿಯ ಹಾಡುಗಳನ್ನು ಕೇಳಿದಾಗ ನಮಗೂ ತೋರಿತು. ಅರ್ಧಕ್ಕರ್ಧ ಹಳೆಯ ಯುನೈಟೆಡ್ಡಿನ ವೀರರ ಮೇಲಿನವು. ಆದರೆ ಅವರ ಅಣ್ಣ ಇಂದಿಗೂ ಓಲ್ಡ್ ಟ್ರಾಫರ್ಡಿಗೇ ಹೋಗುತ್ತಾರೆ. ಮೂವತ್ತು ವರ್ಷ ಜೋಡಿ ಆಸನದಲ್ಲಿ ಕುಳಿತವರು ಒಂದು ವರ್ಷ ಮಾತು ಬಿಟ್ಟಿದ್ದರಂತೆ. ಅಣ್ಣನ ಮಾತೂ ತಳ್ಳಿಹಾಕುವಂಥದಲ್ಲ: ಮಾಲೀಕರು ಬರುತ್ತಾರೆ, ಹೋಗುತ್ತಾರೆ, ಮನೆಯಲ್ಲಿ ಉಳಿದೇ ಜಗಳವಾಡಬೇಕು. ಉಳಿದವರು ಸುಮ್ಮನಿರಲಿಲ್ಲ. 2010ರಲ್ಲಿ ನ್ಯೂಟನ್ ಹೀತಿನ ಹಳೆಯ ಬಣ್ಣಗಳಾದ ಹಸಿರು-ಹೊಂಬಣ್ಣದ ಶಾಲು ಹೊದ್ದು, ಓಲ್ಡ್ ಟ್ರಾಫರ್ಡಿನೊಳಗೇ ಪ್ರತಿಭಟಿಸಿದರು.

ಯಾರು ನಿಷ್ಠರು? ನಮ್ಮ ಒಲವು ಮೋಸ್ಟನ್ನಿನವರ ಕಡೆಗೆ, ಅದನ್ನು ಮರೆಮಾಚುವುದಿಲ್ಲ. ಆದರೂ ಇಲ್ಲಿ ಎಲ್ಲವೂ ಸುಗಮವೆಂದು ವಾಚಕರು ಭಾವಿಸಬಾರದು. ಮೊದಲ ವರ್ಷ ಸರಾಸರಿ ಮೂರು ಸಾವಿರ ಮಂದಿ ಬರುತ್ತಿದ್ದಲ್ಲಿಗೆ ಈಗ ಅಷ್ಟು ಜನರಿಲ್ಲ. 2016ರಲ್ಲಿ ಸದಸ್ಯರಿಗೂ ಆಡಳಿತ ಮಂಡಲಿಗೂ ದೊಡ್ಡ ಜಗಳವಾಗಿ ಹಲವರು ಹೊರನಡೆದರು. 2019ರಲ್ಲಿ ತಂಡ ಒಂದು ಮೆಟ್ಟಿಲು ಕೆಳಗಿಳಿಯಿತು. ಮಹಾಸಭೆಗಳು ಮುಗಿಯುವುದೇ ಇಲ್ಲ ಎಂದು ಚಾಲಕರು ನಕ್ಕರು. ಸಹಕಾರಿ ಸಂಘದ ಸಭೆಗಳಲ್ಲಿ ಕುಳಿತು ಬಲ್ಲ ನಾವೂ ನಕ್ಕೆವು.

ಅಂದು ತಂಡ ಸೋತಿತು. ಜನ ಚಪ್ಪಾಳೆ ತಟ್ಟಿ ಆಟಗಾರರನ್ನು ಒಳಗೆ ಕಳುಹಿಸಿದರು. ಚಾಲಕರು ದೊಡ್ಡದೊಂದು ಚೀಲ ಹಿಡಿದು ಮೆಟ್ಟಿಲುಗಳ ಮೇಲೆ ಬಿದ್ದ ಕಾಗದದ ಲೋಟಗಳನ್ನು ಹೆಕ್ಕತೊಡಗಿದರು. ಅದು ಆ ದಿನದ ಅವರ ಪಾಳಿ. ಕೆಳಮೆಟ್ಟಿಲಿನಲ್ಲಿ ತರುಣನೊಬ್ಬ ಮೊಬೈಲು ನೋಡುತ್ತಿದ್ದ. ಚಾಲಕರು ಬೆನ್ನು ನೆಟ್ಟಗೆ ಮಾಡದೆಯೇ, ಅಲ್ಲಿ ಏನಾಯಿತು ಎಂದು ಕೇಳಿದರು. ಯಾವ ‘ಅಲ್ಲಿ’ ಎಂದು ತರುಣ ಮರುಪ್ರಶ್ನಿಸಲಿಲ್ಲ. ಯುನೈಟೆಡ್ ಒಂದು ಗೋಲಿನಿಂದ ಮುಂದಿದೆ ಎಂದ. ಚಾಲಕರು ತಲೆಯಾಡಿಸಿ, ಮುಂದಿನ ಸಾಲಿನ ಲೋಟಗಳಿಗೆ ಕೈ ಹಾಕಿದರು.