ಇಟ್ಟಿಗೆ ಗೂಡಿನ ಮಗ್ಗುಲಲ್ಲೊಂದು ಡೇರೆ

ಬರ್ಲಿನ್‌ನಿಂದ ಉತ್ತರಕ್ಕೆ ಹೊರಟ ಪುಟ್ಟ ರೈಲು ಝೆಡೆನಿಕ್ ಮುಟ್ಟುವಷ್ಟರಲ್ಲಿ ಬೋಗಿಯ ತುಂಬ ಬೆನ್ನುಚೀಲ, ಮಡಚಿದ ಡೇರೆ, ಕೇಬಲ್ ಸುರುಳಿಗಳೇ. 2023ರ ಆಗಸ್ಟ್. ನಾಲ್ಕು ವರ್ಷಕ್ಕೊಮ್ಮೆ ಹ್ಯಾಕರ್‌ಗಳು ಸೇರುವ ಕೇಯಾಸ್ ಕಮ್ಯುನಿಕೇಶನ್ ಕ್ಯಾಂಪ್‌ಗೆ ಹೊರಟವರು ನಾವೆಲ್ಲ. ಜಾಗ, ಮಿಲ್ಡೆನ್‌ಬರ್ಗಿನ ಹಳೆಯ ಇಟ್ಟಿಗೆ ಕಾರ್ಖಾನೆ. 1887ರಲ್ಲಿ ರೈಲು ಹಳಿ ಹಾಕುವಾಗ ಈ ಸೀಮೆಯಲ್ಲಿ ಜೇಡಿಮಣ್ಣು ಸಿಕ್ಕಿತು. ಇಲ್ಲಿ ಸುಟ್ಟ ಇಟ್ಟಿಗೆ ಹಾವೆಲ್ ನದಿಯ ದೋಣಿಗಳಲ್ಲಿ ಬರ್ಲಿನ್‌ಗೆ ಸಾಗಿ ಮನೆಗಳಾಯಿತು. ಈಗ ಗೂಡುಗಳು ತಣ್ಣಗಿವೆ. ಅಂದು ಸುತ್ತ ಡೇರೆಗಳು ಎದ್ದಿದ್ದವು.

ಡೇರೆಗೂ ಇಂಟರ್‌ನೆಟ್ ಉಂಟು. ನೆಟ್‌ವರ್ಕ್ ಸ್ವಿಚ್ಚುಗಳನ್ನು ಮಳೆಯಿಂದ ಕಾಯಲು ಪ್ಲಾಸ್ಟಿಕ್ಕಿನ ಸಂಚಾರಿ ಶೌಚಾಲಯದ ಗೂಡುಗಳನ್ನೇ ಬಳಸುತ್ತಾರೆ. ಹೆಸರು 'ಡಾಟೆನ್‌ಕ್ಲೋ'. ನಮ್ಮ ಕೇಬಲ್ಲನ್ನು ನಾವೇ ಅಲ್ಲಿಯತನಕ ಎಳೆಯಬೇಕು.

ನಾನು ಹುಡುಕಿಕೊಂಡು ಹೋದದ್ದು ಬಿಎಸ್‌ಡಿ ಬಳಗವನ್ನು. ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಬಳ್ಳಿಯಲ್ಲಿ 1993ರಲ್ಲಿ ನೆಟ್‌ಬಿಎಸ್‌ಡಿ, ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಗಳು ಚಿಗುರಿದವು. 1995ರಲ್ಲಿ ನೆಟ್‌ಬಿಎಸ್‌ಡಿಯಿಂದ ಓಪನ್‌ಬಿಎಸ್‌ಡಿ ಕವಲೊಡೆಯಿತು. ಲಿನಕ್ಸ್ ಬಲ್ಲ ಎಷ್ಟೋ ಮಂದಿ ಇವುಗಳ ಹೆಸರು ಕೇಳಿಲ್ಲ. ಆದರೆ ಬೆಂಗಳೂರಿನಲ್ಲಿ ಕೂತು ದೂರದ ಸರ್ವರ್‌ಗೆ ದಿನಾ ಲಾಗಿನ್ ಆಗಲು ನಾನು ಬಳಸುವ ಓಪನ್‌ಎಸ್‌ಎಸ್‌ಎಚ್, 1999ರಲ್ಲಿ ಓಪನ್‌ಬಿಎಸ್‌ಡಿಯವರು ಜಗತ್ತಿಗೆ ಬಿಟ್ಟಿಯಾಗಿ ಕೊಟ್ಟದ್ದು. ಆ ಋಣ ನನ್ನನ್ನು ಅಷ್ಟು ದೂರ ಎಳೆದೊಯ್ದಿತ್ತು.

ಅಲ್ಲಿ ಐವತ್ತು ದಾಟಿದ ಓಪನ್‌ಬಿಎಸ್‌ಡಿಯವರೊಬ್ಬರು ತಮ್ಮ ಹಳೆಯ ಥಿಂಕ್‌ಪ್ಯಾಡನ್ನು ನನ್ನತ್ತ ತಿರುಗಿಸಿ, "ನಿಮ್ಮ ಲಿಪಿ ಇದರಲ್ಲಿ ಕಾಣುತ್ತದಾ, ನೋಡಿ" ಎಂದರು. ಕನ್ನಡ ವಿಕಿಪೀಡಿಯ ತೆರೆದೆ. ಅಕ್ಷರವಿಲ್ಲ, ಸಾಲುಸಾಲು ಚೌಕ. ಅವರ ಮುಖ ಸಪ್ಪಗಾಯಿತು. ಒಂದು ಸಾಲಿನ ಆದೇಶ ಕೊಟ್ಟು ನೋಟೋ ಫಾಂಟುಗಳನ್ನು ಇಳಿಸಿಕೊಂಡು ಬ್ರೌಸರನ್ನು ಮತ್ತೆ ತೆರೆದರು. 'ಕರ್ನಾಟಕ' ಅರ್ಕಾವೊತ್ತಿನ ಸಮೇತ ಮೂಡಿತು. ಆ ಕೊಂಡಿಯ ಮೇಲೆ ಬೆರಳಿಟ್ಟು "ಇದೇನು?" ಎಂದರು. ನಾಲಿಗೆಯಲ್ಲಿ ರಕಾರ ಮೊದಲು, ಬರಹದಲ್ಲಿ 'ನಾ' ಆದಮೇಲೆ ಎಂದು ವಿವರಿಸಿದೆ. ಎರಡು ಸಲ ಹೇಳಿಸಿಕೊಂಡು, ಟಿಪ್ಪಣಿ ಪುಸ್ತಕದಲ್ಲಿ ತಾವೇ ಬರೆದು ನೋಡಿದರು.

ಕೈಪಿಡಿಯಲ್ಲಿನ ತಪ್ಪನ್ನೂ ಪ್ರೋಗ್ರಾಮಿನ ದೋಷದಷ್ಟೇ ಗಂಭೀರವಾಗಿ ಕಾಣುವ ಪರಂಪರೆ ಓಪನ್‌ಬಿಎಸ್‌ಡಿಯವರದು. ಒಂದು ಅಕ್ಷರಕ್ಕೆ ಅವರು ತೋರಿದ ಶ್ರದ್ಧೆ ಎಲ್ಲಿಂದ ಬಂತೆಂದು ಆಗ ತಿಳಿಯಿತು.

ನಿಮ್ಮ ಮನೆಯ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುಂಚೆ ಈ ಬಿಎಸ್‌ಡಿಗಳಲ್ಲೊಂದನ್ನು ಹಾಕಿ ನೋಡಿ. ಕನ್ನಡ ಎಲ್ಲಿ ಒಡೆದು ಕಾಣುತ್ತದೋ ಅದನ್ನು ಆ ಬಳಗಕ್ಕೆ ಬರೆದು ತಿಳಿಸಿ. ಆ ಕಡೆ ಕೇಳಿಸಿಕೊಳ್ಳುವವರಿದ್ದಾರೆ.