ಕಾಣೆಯಾದ ಮೊದಲ ಪುಟಕ್ಕೆ

ವಿಟ್ಲ

ನನ್ನ ಮೊದಲ ಪುಟವೇ,

2002ರ ಮಳೆಗಾಲದಲ್ಲಿ ವಿಟ್ಲ ಪೇಟೆಯ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ದುಡ್ಡು ಕೊಟ್ಟು ಕೂತು ನಿನ್ನನ್ನು ಕಟ್ಟಿದ್ದೆ. ಇಲ್ಲಿಯ ಅಡಿಕೆ ಸಂಶೋಧನಾ ಕೇಂದ್ರದಿಂದ 1972ರಲ್ಲಿ ಹೊರಬಂದ ಮಂಗಳ ತಳಿಯ ಸಸಿಗಳನ್ನು ಅಪ್ಪ ನೆಟ್ಟ ಕಥೆ, ಕೆಳಗೆ ಅವರು ಬರೆದಿಡುತ್ತಿದ್ದ ಮಳೆ ಲೆಕ್ಕದ ಪಟ್ಟಿ. ಒಟ್ಟು 12 ಕಿಲೋಬೈಟ್. ಜಾಗ ಪುಕ್ಕಟೆ ಕೊಟ್ಟಿದ್ದ ಕಂಪನಿ ಬಾಗಿಲು ಹಾಕಿದಾಗ ನೀನೂ ಹೋದೆ. ನಾನು ಪ್ರತಿ ತೆಗೆದಿಟ್ಟಿರಲಿಲ್ಲ.

ನಿನಗಿದ್ದ ಕೊರತೆ ಒಂದೇ. ಯು. ಬಿ. ಪವನಜರು 1996ರಲ್ಲಿ ‘ವಿಶ್ವಕನ್ನಡ’ ಜಾಲತಾಣ ತೆರೆದ ಮೇಲೂ ಹಲವು ವರ್ಷ ಕನ್ನಡದ ಪುಟಗಳು ಫಾಂಟಿನ ಹಂಗಿನಲ್ಲೇ ಇದ್ದವು. ಅದೇ ಫಾಂಟ್ ಸಿಗದ ಕಡೆ ನೀನು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿದ್ದೆ. ಯೂನಿಕೋಡ್ ಆ ಹಂಗು ಬಿಡಿಸಿತು.

ಆಮೇಲೆ ಕಟ್ಟಿದ ತಾಣದ ಮೇಲೆ ನಾನು ಭಾರ ಹೇರುತ್ತಾ ಹೋದೆ. ಜಾರುವ ಚಿತ್ರಗಳು, ಮೂರು ಬಗೆಯ ಫಾಂಟು, ತಾನಾಗಿ ಓಡುವ ವಿಡಿಯೊ. ಮೊದಲ ಪುಟವೇ 6 ಮೆಗಾಬೈಟ್ ಆಯಿತು. ಗುಡ್ಡೆಯ ಬುಡದ ತೋಟದಿಂದ ಭಾವ ಫೋನ್ ಮಾಡಿದರು: ‘ನಿಮ್ಮದು ತಿರುಗುತ್ತಾ ಉಂಟು, ಬರುವುದೇ ಇಲ್ಲ ಮಾರಾಯ್ರೆ.’ ಅಲ್ಲಿ ನೆಟ್‌ವರ್ಕ್ ಸೆಕೆಂಡಿಗೆ 5 ಕಿಲೋಬೈಟ್ ಕೊಟ್ಟರೆ ಅದೇ ಪುಣ್ಯ. ಆ ಲೆಕ್ಕದಲ್ಲಿ ನನ್ನ ಪುಟ ತೆರೆಯಲು 20 ನಿಮಿಷ. ಮನೆಗೆ ಬಂದವರನ್ನು ಅಂಗಳದಲ್ಲೇ ಅಷ್ಟು ಹೊತ್ತು ಯಾರು ನಿಲ್ಲಿಸುತ್ತಾರೆ?

ಅಂದೇ ಸುಲಿಯಲು ಕೂತೆ. ಅಕ್ಷರಗಳ ಭಾರವೇ ಅಲ್ಲ ಅದು. ‘ಕ್ಷ’ ಎಂಬುದು ಯೂನಿಕೋಡಿನಲ್ಲಿ ಕ, ವಿರಾಮ, ಷ ಎಂದು ಮೂರು ಸಂಕೇತ. ಒಂದೊಂದಕ್ಕೆ ಮೂರರಂತೆ 9 ಬೈಟ್. ಹಾಗಿದ್ದೂ ಸಾವಿರ ಪದದ ಬರಹ 25 ಕಿಲೋಬೈಟಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಮೊಬೈಲಿನಲ್ಲಿ ತೆಗೆದು ಹಾಗೆಯೇ ಏರಿಸಿದ 3 ಮೆಗಾಬೈಟಿನ ಒಂದು ಫೋಟೋ ಅಂಥ ನೂರಕ್ಕೂ ಹೆಚ್ಚು ಬರಹಗಳ ತೂಕ. ವಿಡಿಯೊ ತೆಗೆದೆ. ಫೋಟೋಗಳನ್ನು ಕುಗ್ಗಿಸಿ ಬೇರೆ ಪುಟಕ್ಕೆ ಕಳಿಸಿದೆ. ಬೇಕಾದವರು ಒತ್ತಿ ನೋಡಲಿ. ಓದುವವರ ಫೋನಿನಲ್ಲಿ ಕನ್ನಡ ಫಾಂಟ್ ಇದ್ದೇ ಇದೆ, ನನ್ನದನ್ನು ಹೊರಿಸುವ ಅಗತ್ಯವಿಲ್ಲ. ಉಳಿದದ್ದು ಬರೀ ಎಚ್‌ಟಿಎಂಎಲ್ ಕಡತಗಳು. ಮೊದಲ ಪುಟ ಈಗ 40 ಕಿಲೋಬೈಟ್. ಭಾವನ ತೋಟದಲ್ಲೂ 8 ಸೆಕೆಂಡಿಗೆ ತೆರೆಯುತ್ತದೆ.

ಹಗುರವಾದ್ದರಿಂದ ಇನ್ನೊಂದು ಒಳ್ಳೆಯದಾಯಿತು. ಇಡೀ ತಾಣ ಒಂದು ಫೋಲ್ಡರಿನಲ್ಲಿ ಕೂರುತ್ತದೆ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಒಂದು ಮಗಳ ಬಳಿ. ಯಾವ ಕಂಪನಿ ಬಾಗಿಲು ಹಾಕಿದರೂ ಮರುದಿನ ಬೇರೆಡೆ ಇಡಬಹುದು. ನಿನ್ನನ್ನು ಹೀಗೆ ಕಾಪಾಡಿಕೊಳ್ಳಲು ಒಂದು ಫ್ಲಾಪಿ ಸಾಕಿತ್ತು. ಆ ನೋವು ಹೋಗಿಲ್ಲ.

ಅಪ್ಪನ ಪುಸ್ತಕ ನೋಡಿ ಮಳೆ ಲೆಕ್ಕವನ್ನು ಮತ್ತೆ ಟೈಪ್ ಮಾಡಿದೆ. 2001ರ ಜುಲೈ ಹಾಳೆಯನ್ನು ಗೆದ್ದಲು ತಿಂದಿದೆ. ಆ ಅಂಕಿ ನಿನ್ನಲ್ಲಿ ಮಾತ್ರ ಇತ್ತು. ಹೊಸ ಪಟ್ಟಿಯಲ್ಲಿ ಆ ಮನೆಯನ್ನು ಖಾಲಿ ಬಿಟ್ಟಿದ್ದೇನೆ.

ಇತಿ,
ನಿನ್ನನ್ನು ಕಟ್ಟಿದವನು